‘ಅದು ನೀಲಿಚಿತ್ರ ಅಲ್ಲವೇ?’

ವಿಲ್ಗೊಟ್ ಶೋಮಾನ್ ನಿರ್ದೇಶಿಸಿದ ಸ್ವೀಡಿಷ್ ಚಿತ್ರ ‘ಐ ಆಮ್ ಕ್ಯೂರಿಯಸ್ – ಯೆಲ್ಲೋ’ (1967) ಹೆಸರೆತ್ತಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಅಲ್ಲ. ಇದಕ್ಕೊಂದು ‘ಬ್ಲೂ’ ಎಂಬ ಜೋಡಿ ಚಿತ್ರವೂ ಇರುವುದರಿಂದ ಗೊಂದಲ ಹೆಚ್ಚು. ಹಳದಿ, ನೀಲಿ ಎರಡೂ ಸ್ವೀಡನ್ ಧ್ವಜದ ಬಣ್ಣಗಳು, ಅಷ್ಟೇ. ಚಿತ್ರವಂತೂ ಕಪ್ಪು-ಬಿಳುಪು.

ಎರಡು ಗಂಟೆಯ ಈ ಚಿತ್ರದಲ್ಲಿ ನಗ್ನ ದೃಶ್ಯಗಳು ಇವೆ, ಮುಚ್ಚುಮರೆಯಿಲ್ಲದೆ ಇವೆ. ಆದರೆ ಅದನ್ನೇ ಕಾಯುತ್ತ ಕೂತವರಿಗೆ ಬೇಸರ ಖಂಡಿತ. ಇದರ ಜೀವ ಇರುವುದು ಸಂದರ್ಶನಗಳಲ್ಲಿ. ನಾಯಕಿ ಲೆನಾ (ನಟಿ ಲೆನಾ ನೀಮನ್) ಮೈಕ್ ಹಿಡಿದು ಸ್ಟಾಕ್‌ಹೋಮಿನ ಬೀದಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಾಳೆ: ಸ್ವೀಡನ್ನಿನಲ್ಲಿ ವರ್ಗಭೇದ ಇದೆಯಾ? ಸ್ಪೇನ್ ಪ್ರವಾಸ ಮುಗಿಸಿ ವಿಮಾನ ಇಳಿದವರನ್ನು ಫ್ರಾಂಕೋನ ಸರ್ವಾಧಿಕಾರದ ಬಗ್ಗೆ ಕೇಳುತ್ತಾಳೆ. ರಜೆಯ ಗುಂಗಿನಲ್ಲಿರುವ ಆ ಮುಖಗಳನ್ನು ಗಮನಿಸಿ. ನನ್ನ ಮಟ್ಟಿಗೆ ಯಾವ ಹಾಸಿಗೆ ದೃಶ್ಯಕ್ಕಿಂತಲೂ ದಿಟ್ಟವಾದದ್ದು ಅದು. ಮಾರ್ಟಿನ್ ಲೂಥರ್ ಕಿಂಗ್, ಮುಂದೆ ಸ್ವೀಡನ್ನಿನ ಪ್ರಧಾನಿಯಾದ, ಆಗಿನ್ನೂ ಸಚಿವನಾಗಿದ್ದ ಓಲೋಫ್ ಪಾಲ್ಮೆ ಇಬ್ಬರೂ ತಾವಾಗಿಯೇ ಕಾಣಿಸಿಕೊಳ್ಳುತ್ತಾರೆ. ಅಹಿಂಸೆಯ ವ್ರತ ಹಿಡಿದ ಲೆನಾ ಕೊನೆಗೆ ಕನಸಿನಲ್ಲಿ ಪ್ರಿಯಕರನಿಗೆ ಗುಂಡಿಕ್ಕುತ್ತಾಳೆ. ದೇಹ, ರಾಜಕೀಯ ಎರಡೂ ಒಂದೇ ಗಂಟಿಗೆ ಬೀಳುವುದು ಅಲ್ಲೇ.

ಮೊದಲ ಸಲ ನೋಡುವವರು ದಾರಿ ತಪ್ಪುವ ಜಾಗ ಒಂದಿದೆ: ಇದು ಚಿತ್ರದೊಳಗಿನ ಚಿತ್ರ. ಶೋಮಾನ್ ನಿರ್ದೇಶಕನಾಗಿಯೇ ನಟಿಸಿದ್ದಾನೆ. ಅವನೂ ಕ್ಯಾಮೆರಾ ತಂಡವೂ ಚೌಕಟ್ಟಿನೊಳಗೆ ಬಂದಾಗ ಕತೆಯಿಂದ ಹೊರಬಂದಿದ್ದೀರಿ ಎಂದು ತಿಳಿಯಿರಿ. ಜಗಳ ಲೆನಾ ಎಂಬ ಪಾತ್ರದ್ದೋ ನಟಿಯದ್ದೋ ಎಂಬ ಅನುಮಾನ ಬಂದರೆ ಚಿಂತೆ ಬೇಡ, ಅದು ಬೇಕೆಂದೇ ಇಟ್ಟದ್ದು.

ಹಾಗಾದರೆ ಕುಖ್ಯಾತಿ ಎಲ್ಲಿಂದ ಬಂತು? ಅಮೆರಿಕದಿಂದ. ಅಲ್ಲಿನ ಕಸ್ಟಮ್ಸ್ ಪ್ರತಿಯನ್ನು ತಡೆಹಿಡಿಯಿತು, 1968ರಲ್ಲಿ ಜ್ಯೂರಿ ಅಶ್ಲೀಲ ಎಂದಿತು. ಅದೇ ವರ್ಷದ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ 2-1ರಿಂದ ಆ ತೀರ್ಪನ್ನು ತಳ್ಳಿಹಾಕಿತು. 1969ರಲ್ಲಿ ತೆರೆಕಂಡಾಗ ಜನ ಮುಗಿಬಿದ್ದರು. ಮೇರಿಲ್ಯಾಂಡ್ ರಾಜ್ಯದ ನಿಷೇಧ ಮಾತ್ರ ಉಳಿಯಿತು, ಏಕೆಂದರೆ 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 4-4 ಆಗಿ ಸಮನಾಗಿ ಒಡೆಯಿತು; ಹಾಗಾದಾಗ ಕೆಳ ನ್ಯಾಯಾಲಯದ ತೀರ್ಪೇ ನಿಲ್ಲುತ್ತದೆ.

‘ಬ್ಲೂ’ (1968) ಮುಂದಿನ ಭಾಗವಲ್ಲ. ಅದೇ ನಟರು, ಅದೇ ಪಾತ್ರಗಳು, ಆದರೆ ಜೈಲು, ಚರ್ಚು ಕುರಿತ ಬೇರೆ ಪ್ರಶ್ನೆಗಳು. ‘ಯೆಲ್ಲೋ’ ನೋಡಿ ವಾರ ಬಿಟ್ಟು ನೋಡಿ. ಬೆನ್ನುಬೆನ್ನಿಗೆ ನೋಡಿದರೆ ದೃಶ್ಯಗಳು ಕಲಸಿಹೋಗುತ್ತವೆ.