ಲಡ್ಡು ಹಿಡಿದ ಕಲ್ಲು

ಚಿಕ್ಕಬಳ್ಳಾಪುರ, ಆಗಸ್ಟ್ 10, 2025, ಭಾನುವಾರ

ಬೆಳಿಗ್ಗೆ ಅಕ್ಕನ ಮಗನ ಜೊತೆ ನಂದಿ ಬೆಟ್ಟದ ಕಡೆ ಹೋಗಿದ್ದೆ. ಬುಡದಲ್ಲಿ ದಾರಿಗೆಂದು ದಿಣ್ಣೆ ಕಡಿದ ಜಾಗದಲ್ಲಿ ಅವನು ಒಂದು ಹೆಂಟೆ ಕಿತ್ತು ಹಿಸುಕಿದ. ಪುಡಿಪುಡಿ ಆಯ್ತು. "ಮಾಮ, ಇದು ಕಲ್ಲಾ, ಮಣ್ಣಾ?" ಅಂದ.

ಒಳ್ಳೆ ಪ್ರಶ್ನೆ. ನೋಡೋಕೆ ಕಲ್ಲೇ. ಗ್ರಾನೈಟಿನ ಚುಕ್ಕೆಗಳೆಲ್ಲ ಇದ್ದ ಜಾಗದಲ್ಲೇ ಇವೆ. ಆದರೆ ಬಿಳಿ ಚುಕ್ಕೆ, ಅಂದ್ರೆ ಫೆಲ್ಡ್‌ಸ್ಪಾರ್, ಬೆರಳಿಗೆ ಹಿಟ್ಟಿನ ಹಾಗೆ ಅಂಟುತ್ತೆ. ಕಪ್ಪು ಅಭ್ರಕ ಬಣ್ಣಗೆಟ್ಟು ಹೊಂಬಣ್ಣಕ್ಕೆ ತಿರುಗಿದೆ. ಬೆಣಚು ಕಲ್ಲಿನ ಹರಳು ಮಾತ್ರ ಗಟ್ಟಿಯಾಗಿ ಉಳಿದಿದೆ.

ಮಳೆನೀರು ಗಾಳಿಯಿಂದ ಸ್ವಲ್ಪ, ಬೇರುಗಳಿರುವ ಮಣ್ಣಿನಿಂದ ಜಾಸ್ತಿ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತೆ. ಆ ನೀರು ಬಿರುಕುಗಳಲ್ಲಿ ಇಳಿದು ಫೆಲ್ಡ್‌ಸ್ಪಾರನ್ನು ಜೇಡಿಮಣ್ಣು ಮಾಡುತ್ತೆ. ಬಿಸಿಲೂ ಮಳೆಯೂ ಜಾಸ್ತಿ ಇರುವ ಉಷ್ಣವಲಯದಲ್ಲಿ ಈ ಕೆಲಸ ಬೇಗ ನಡೆಯುತ್ತೆ. ಎಷ್ಟೋ ಕಡೆ ಹತ್ತಾರು ಮೀಟರ್ ಆಳದವರೆಗೆ ಕಲ್ಲು ಲಡ್ಡಾಗಿರುತ್ತೆ, ಅಂದ್ರೆ ಗಟ್ಟಿತನ ಹೋಗಿ ಪುಡಿಯಾಗುವ ಹಾಗಿರುತ್ತೆ. ಬೋರ್‌ವೆಲ್ ಕೊರೆಸಿದ ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಗಟ್ಟಿ ಬಂಡೆ ಸಿಗೋವರೆಗೆ ಕೇಸಿಂಗ್ ಪೈಪು ಇಳಿಸ್ತಾರಲ್ಲ, ಲಡ್ಡು ಎಷ್ಟು ಆಳ ಇದೆ ಅನ್ನೋಕೆ ಆ ಉದ್ದವೇ ಲೆಕ್ಕ.

ಕಲ್ಲು ಎಷ್ಟು ಲಡ್ಡಾಗಿದೆ ಅಂತ ಅಳೆಯೋಕೆ ಹಾಂಗ್‌ಕಾಂಗ್‌ನವರ ಹತ್ತಿರ ಒಂದು ಲೆಕ್ಕ ಇದೆ. ಅಲ್ಲಿ 1972ರ ಜೂನ್ 18ರಂದು ಒಂದೇ ದಿನ ಎರಡು ಕಡೆ ಇಳಿಜಾರು ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. ಇಳಿಜಾರುಗಳ ಮೇಲೆ ಕಣ್ಣಿಡೋಕೆ ಅಂತಲೇ 1977ರಲ್ಲಿ ಅಲ್ಲಿ ಒಂದು ಕಚೇರಿ ಶುರುವಾಯ್ತು. ಅಲ್ಲಿನವರು ಕಲ್ಲನ್ನು ಆರು ದರ್ಜೆ ಮಾಡ್ತಾರೆ. ಒಂದು ಅಂದ್ರೆ ಗಟ್ಟಿ ಬಂಡೆ, ಆರು ಅಂದ್ರೆ ಪೂರ್ತಿ ಮಣ್ಣು. ಕೈಯಲ್ಲಿ ಮುರಿದರೂ ನೀರಿನಲ್ಲಿ ಪುಡಿಯಾಗಿ ಉದುರದಿದ್ದರೆ ನಾಲ್ಕು, ಉದುರಿದರೆ ಐದು. ಮನೆಗೆ ಬಂದು ಒಂದು ತುಂಡನ್ನು ಲೋಟದ ನೀರಿಗೆ ಹಾಕಿದೆವು. ಗುಳ್ಳೆ ಬಿಡುತ್ತಾ ಅಂಚು ಉದುರಿತು, ಆಮೇಲೆ ಇಡೀ ತುಂಡೇ ಕುಸಿದು ತಳದಲ್ಲಿ ಕೂತಿತು. ಐದನೇ ದರ್ಜೆ. ಹುಡುಗ ಕಣ್ಣು ಬಿಟ್ಟು ನೋಡುತ್ತಿದ್ದ.

ಗುಡ್ಡ ಕುಸಿದಾಗಲೆಲ್ಲ ಮಳೆಯನ್ನೇ ಬೈಯ್ತೀವಿ. ಮಳೆ ಕೊನೆಯ ಕಾರಣ ಅಷ್ಟೇ, ಕಲ್ಲು ಅದಕ್ಕೂ ಮೊದಲೇ ಲಡ್ಡಾಗಿರುತ್ತೆ. ಮೇಲಿನ ಸಡಿಲ ಪದರಕ್ಕೆ ನೀರು ಇಂಗಿ, ಕೆಳಗಿನ ಬಂಡೆ ಅಥವಾ ಜೇಡಿ ಪದರದ ಮೇಲೆ ನಿಲ್ಲುತ್ತೆ. ನೀರಿನ ಒತ್ತಡ ಏರಿದಂತೆ ಕಣಕಣದ ನಡುವಿನ ಹಿಡಿತ ಹೋಗುತ್ತೆ. ಹಳೇ ಬಿರುಕುಗಳಲ್ಲಿ ತುಂಬಿದ ಜೇಡಿ ಜಾರೋಕೆ ದಾರಿ ಮಾಡುತ್ತೆ. ಅಷ್ಟರಲ್ಲಿ ಯಾರೋ ಬುಡ ಕಡಿದು ಇಟ್ಟಿದ್ದರೆ ತಡೆಯೋಕೆ ಏನೂ ಇರಲ್ಲ.

ನಮ್ಮದು ಒಣ ಜಿಲ್ಲೆ, ಮಲೆನಾಡಿನಷ್ಟು ದಪ್ಪ ಮಣ್ಣಿಲ್ಲ. ಆದರೂ 2021ರ ಆಗಸ್ಟ್‌ನಲ್ಲಿ ರಾತ್ರಿ ಸುರಿದ ಮಳೆಗೆ ಪಕ್ಕದ ಬ್ರಹ್ಮಗಿರಿ ಬೆಟ್ಟದ ಕಡೆಯಿಂದ ಮಣ್ಣು, ಬಂಡೆ ಬಂದು ನಂದಿ ರಸ್ತೆಯೇ ಕಿತ್ತುಹೋಗಿತ್ತು. ತಿಂಗಳುಗಟ್ಟಲೆ ಪ್ರವಾಸಿಗರನ್ನು ಬಿಡಲಿಲ್ಲ. 2018ರ ಕೊಡಗು, 2024ರ ಜುಲೈನಲ್ಲಿ ಶಿರೂರು, ಅದೇ ತಿಂಗಳ ಕೊನೆಗೆ ವಯನಾಡು. ನೆನೆದರೆ ಈಗಲೂ ಹೊಟ್ಟೆ ತೊಳೆಸುತ್ತೆ.

ಸಂಜೆ ಗೆಳೆಯ ಫೋನ್ ಮಾಡಿದ್ದ. ಸಕಲೇಶಪುರದ ಹತ್ತಿರ ಇಳಿಜಾರಿನಲ್ಲಿ ಜಾಗ ನೋಡಿದ್ದಾನೆ, ಜೆಸಿಬಿಯಲ್ಲಿ ಹಿಂದಿನ ಗುಡ್ಡ ಕಡಿದು ಮಟ್ಟ ಮಾಡಿಸ್ತಾನಂತೆ. "ಮುಂಗಡ ಕೊಡಬೇಡ ಕಣೋ" ಅಂದೆ. ಅಕ್ಕಪಕ್ಕದವರ ಬೋರ್‌ವೆಲ್‌ಗೆ ಎಷ್ಟು ಅಡಿ ಕೇಸಿಂಗ್ ಇಳಿದಿತ್ತು ಅಂತ ಕೇಳು, ಮೇಲೆ ಹತ್ತಿ ನೆಲದಲ್ಲಿ ಬಿರುಕು ಇದೆಯಾ, ಮರ ವಾಲಿವೆಯಾ ನೋಡು ಅಂದೆ. ಮುಂದಿನ ವಾರ ನನ್ನನ್ನೂ ಕರೆದುಕೊಂಡು ಹೋಗ್ತಾನಂತೆ.