ಹೆದ್ದಾರಿ ಪಕ್ಕದ ಪಾಠ

ಕ್ಲೆಮ್ಸನ್ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಈ ಸಂಚಿಕೆಗೆ ಫುಟ್‌ಬಾಲ್ ಬಗ್ಗೆ, ಹಾಸ್ಟೆಲ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇರುತ್ತಾರೆ. ನಾನು ಜಾರ್ಜಿಯಾ ಆಸ್ಟರ್ ಎಂಬ ಕಾಡುಹೂವಿನ ಗಿಡದ ಬಗ್ಗೆ ಬರೆಯುತ್ತೇನೆ. ನಮ್ಮ ಸಸ್ಯಶಾಸ್ತ್ರದ ಮೇಷ್ಟ್ರಿಗೆ ಅದರ ಮೇಲೆ ಜೀವ.

ಕ್ಲೆಮ್ಸನ್ ಇರುವುದು ಅಮೆರಿಕದ ದಕ್ಷಿಣ ಕ್ಯಾರೊಲಿನಾ ರಾಜ್ಯದಲ್ಲಿ, ಬ್ಲೂ ರಿಜ್ ಬೆಟ್ಟಗಳ ತಪ್ಪಲಲ್ಲಿ. ಈ ಗಿಡದ ನೆಲೆಯೂ ಅದೇ ಸೀಮೆ: ಅಲಬಾಮಾ, ಜಾರ್ಜಿಯಾ, ಎರಡೂ ಕ್ಯಾರೊಲಿನಾಗಳು. ಅಪರೂಪದ ಹೂ ತೋರಿಸುತ್ತೇನೆ ಬನ್ನಿ ಎಂದು ಮೇಷ್ಟ್ರು ವ್ಯಾನ್ ಹತ್ತಿಸಿದಾಗ ದಟ್ಟ ಕಾಡಿಗೇ ಹೊರಟೆವು ಅಂದುಕೊಂಡಿದ್ದೆವು. ವ್ಯಾನ್ ನಿಂತಿದ್ದು ಹೆದ್ದಾರಿ ಪಕ್ಕ, ಕರೆಂಟಿನ ತಂತಿಗಳ ಕೆಳಗೆ! ಅಲ್ಲೇ ಇತ್ತು. ಕಡು ನೇರಳೆ ಎಸಳು, ಎರಡು ಇಂಚಿನಷ್ಟು ಅಗಲದ ಹೂ. ಸಾಮಾನ್ಯ ಆಸ್ಟರ್‌ಗಳ ನಡುಭಾಗ ಹಳದಿ ಅಲ್ವಾ? ಇದರದ್ದು ಬಿಳಿ, ಬರಬರುತ್ತಾ ನೇರಳೆಗೆ ತಿರುಗುತ್ತದೆ. ಉಳಿದ ಹೂಗಳ ಕಾಲ ಮುಗಿಯುತ್ತಾ ಬಂದಾಗ, ಅಕ್ಟೋಬರ್‌ನಲ್ಲಿ, ಇದು ಅರಳಲು ಶುರುಮಾಡುತ್ತದೆ.

ಇಂಥ ಜಾಗದಲ್ಲಿ ಯಾಕೆ? ಮೇಷ್ಟ್ರ ಪಾಠವೆಲ್ಲ ಇದರ ಸುತ್ತಲೇ. ಈ ಗಿಡಕ್ಕೆ ಬಿಸಿಲು ಬೇಕು. ಹಿಂದೆ ಅಲ್ಲೆಲ್ಲ ದೂರ ದೂರ ಓಕ್ ಮರಗಳಿರುವ ಹುಲ್ಲುಗಾವಲುಗಳಿದ್ದವು. ಆಗಾಗ ಬೀಳುವ ಬೆಂಕಿ, ಮೇಯುವ ದೊಡ್ಡ ಪ್ರಾಣಿಗಳು ಪೊದೆಯನ್ನು ತಲೆಯೆತ್ತಲು ಬಿಡುತ್ತಿರಲಿಲ್ಲ. ಪ್ರಾಣಿಗಳು ಹೋದವು, ಜನ ಬೆಂಕಿ ಆರಿಸಲು ಕಲಿತರು, ಮರಗಳು ಒತ್ತೊತ್ತಾಗಿ ಬೆಳೆದವು. ಈಗ ಬೆಂಕಿಯ ಕೆಲಸ ಮಾಡುವುದು ರಸ್ತೆಯವರ ಹುಲ್ಲು ಕತ್ತರಿಸುವ ಯಂತ್ರ. ಅದೂ ಲೆಕ್ಕಾಚಾರದ ಮಾತು. ಹೂ ಬಿಡುವ ಮುಂಚೆ ಯಂತ್ರ ಬಂದರೆ ಆ ವರ್ಷದ ಬೀಜವೇ ಇಲ್ಲ. ಕಳೆನಾಶಕ ಹೊಡೆದರೆ ಗಿಡವೂ ಇಲ್ಲ. ಬೇಲಿ ಹಾಕಿ ಸುಮ್ನೆ ಬಿಟ್ಟರೆ ನೆರಳಿನಲ್ಲಿ ಸೊರಗುತ್ತದೆ. ಕಾಡನ್ನು ಅದರ ಪಾಡಿಗೆ ಬಿಟ್ಟುಬಿಡಿ ಎನ್ನುವವರ ಜೊತೆ ಅಂದಿನಿಂದ ನನಗೆ ಪೂರ್ತಿ ಒಪ್ಪಿಗೆ ಇಲ್ಲ.

ಇನ್ನೊಂದು ತೊಂದರೆಯೂ ಇದೆ. ಗಿಡ ನೆಲದೊಳಗಿನ ಕಾಂಡದಿಂದಲೂ ಹರಡುತ್ತದೆ. ನೂರು ಕಡ್ಡಿ ಕಂಡರೂ ಅದು ನೂರು ಗಿಡ ಅಂತ ಎಣಿಸುವ ಹಾಗಿಲ್ಲ. ಇದನ್ನು ಮೇಷ್ಟ್ರು ಪ್ರತಿ ಪರೀಕ್ಷೆಯಲ್ಲೂ ಕೇಳುತ್ತಿದ್ದರು.

1999ರಿಂದ ಇದು ಅಳಿವಿನಂಚಿನ ಜೀವಿಗಳಿಗೆ ಕೇಂದ್ರ ಸರ್ಕಾರ ಕೊಡುವ ಫೆಡರಲ್ ರಕ್ಷಣೆಯ ಪಟ್ಟಿಗೆ ಸೇರಲು ಕಾಯುತ್ತಿತ್ತು. 2014ರಲ್ಲಿ ರಸ್ತೆ ಇಲಾಖೆಗಳು, ಅರಣ್ಯ ಸೇವೆ, ಜಾರ್ಜಿಯಾ ಪವರ್ ಎಂಬ ವಿದ್ಯುತ್ ಕಂಪನಿ ಮುಂತಾದವರು ಸೇರಿ ಗಿಡವನ್ನು ಕಾಪಾಡುವ ಒಪ್ಪಂದಕ್ಕೆ ಸಹಿ ಹಾಕಿದರು. ಅದೇ ವರ್ಷ ಕಾಯುವವರ ಪಟ್ಟಿಯಿಂದ ಹೆಸರು ತೆಗೆದರು. ಸ್ವಇಚ್ಛೆಯ ಒಪ್ಪಂದ ಸಾಕಾ, ಕಾನೂನೇ ಬೇಕಾ ಎಂದು ನಮ್ಮ ಬ್ಯಾಚಿನವರು ಸಿಕ್ಕಾಗಲೆಲ್ಲ ಜಗಳ ಆಡುತ್ತೇವೆ. ನಾನು ಒಪ್ಪಂದದ ಪರ. ಹೆದ್ದಾರಿ ಪಕ್ಕದ ಗಿಡದ ಹಣೆಬರಹ ಯಂತ್ರ ಓಡಿಸುವವನ ಕೈಯಲ್ಲಿದೆ, ಅವನ ಇಲಾಖೆ ಮನಸ್ಸಿಟ್ಟು ಸಹಿ ಹಾಕಿದ್ದರೆ ಒಳ್ಳೆಯದು.