ಮನೆ ಖಾಲಿ ಇದೆ, ನಿಮಗಲ್ಲ

ಮುಂಬಯಿಯಲ್ಲಿ ಬಾಡಿಗೆ ಮನೆಗೆ ಫೋನ್ ಮಾಡಿ ನೋಡಿ. ಎಷ್ಟೋ ಬ್ರೋಕರ್‌ಗಳು ಬಜೆಟ್‌ಗಿಂತ ಮೊದಲು ಸರ್‌ನೇಮ್ ಕೇಳುತ್ತಾರೆ. ಮೈಸೂರು ಕಡೆಯವರು ಇಲ್ಲಿ ತಡವರಿಸುತ್ತಾರೆ. ಅವರ ಹೆಸರಿಗೆ ಊರಿನದೋ ಅಪ್ಪನದೋ ಇನಿಷಿಯಲ್ ಇರುತ್ತದೆ, ಸರ್‌ನೇಮ್ ಇರುವುದಿಲ್ಲ. ಆಗ ಎರಡನೇ ಪ್ರಶ್ನೆ ಬರುತ್ತದೆ: "ವೆಜ್ ಯಾ ನಾನ್‌ವೆಜ್?" ಅಡುಗೆಮನೆಯ ವಿಚಾರಣೆ ಅಂದುಕೊಳ್ಳಬೇಡಿ, ಇದು ಜಾತಿ, ಧರ್ಮ ಸೋಸುವ ಜರಡಿ. ಭಟ್, ರಾವ್ ಅಂದವರಿಗೆ ಈ ಪ್ರಶ್ನೆ ಬರುವುದು ಕಡಿಮೆ. ಶೇಖ್ ಅಂದವರಿಗೂ ಕಡಿಮೆಯೇ. ಅವರಿಗೆ "ಓನರ್ ಊರಲ್ಲಿಲ್ಲ" ಎಂಬ ಉತ್ತರ ಮೊದಲೇ ತಯಾರು. ಹಾಗಾಗಿ ರಾವ್ ಅವರ ಮಟ್ಟಿಗೆ ಮುಂಬಯಿಯಲ್ಲಿ ಮನೆ ಹುಡುಕುವುದು ಬರೀ ಡಿಪಾಸಿಟ್ ಹೊಂದಿಸುವ ಕಷ್ಟ. ಸವಲತ್ತು ಇದ್ದವರ ಕಣ್ಣಿಗೆ ಅದು ಬೀಳದಿರುವುದು ಹೀಗೆ.

ಅಮೆರಿಕದಲ್ಲಿ ಇದನ್ನು ಸರಕಾರವೇ ನಕ್ಷೆ ಬರೆದು ಮಾಡಿತ್ತು. 1933ರಲ್ಲಿ ಹುಟ್ಟಿದ ಗೃಹಸಾಲ ನಿಗಮವೊಂದು ನಗರಗಳ ಬಡಾವಣೆಗಳಿಗೆ ನಾಲ್ಕು ಬಣ್ಣ ಬಳಿಯಿತು: ಹಸಿರು, ನೀಲಿ, ಹಳದಿ, ಕೆಂಪು. ಕಪ್ಪು ಜನರಿದ್ದ ಕೇರಿಗಳು ಹೆಚ್ಚಾಗಿ ಕೆಂಪಿಗೆ ಬಿದ್ದವು. ಕೆಂಪು ಅಂದರೆ ಸಾಲಕ್ಕೆ ಅಪಾಯ. ಇಂಥ ಕೇರಿಗಳಿಗೆ ಸಾಲ ಹುಟ್ಟುತ್ತಿರಲಿಲ್ಲ, ಸಾಲವಿಲ್ಲದೆ ಸ್ವಂತ ಮನೆಯಿಲ್ಲ, ಮಕ್ಕಳಿಗೆ ಬಿಟ್ಟುಹೋಗಲು ಆಸ್ತಿಯೂ ಇಲ್ಲ. ಮನೆ ಮಾರುವಾಗ, ಬಾಡಿಗೆ ಕೊಡುವಾಗ ಮೈಬಣ್ಣ ನೋಡಬಾರದು ಎಂಬ ಕಾನೂನು ಬಂದದ್ದು 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ವಾರಕ್ಕೆ.

ನಮ್ಮ ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಹೆಸರಿಸುತ್ತದೆ. ಬಾಡಿಗೆ ಮನೆ ಆ ಪಟ್ಟಿಯಲ್ಲಿಲ್ಲ. ಅದರ ಮೇಲೆ 2005ರಲ್ಲಿ, ಅಹಮದಾಬಾದಿನ ಪಾರ್ಸಿ ಹೌಸಿಂಗ್ ಸೊಸೈಟಿಯ ಪ್ರಕರಣದಲ್ಲಿ, ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎನ್ನುವ ಬೈಲಾವನ್ನು (ಸೊಸೈಟಿಯ ಒಳನಿಯಮವನ್ನು) ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸಣ್ಣ ಸಮುದಾಯವೊಂದರ ಆತಂಕ ಅರ್ಥವಾಗುತ್ತದೆ. ಆದರೆ ಅದೇ ತರ್ಕವನ್ನು ದೊಡ್ಡ ಸಮುದಾಯಗಳೂ ಬಳಸಬಹುದು, ಬಳಸುತ್ತವೆ. ಸಿಂಗಪುರ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. 1989ರಿಂದ ಅಲ್ಲಿನ ಸರಕಾರಿ ವಸತಿಯ ಒಂದೊಂದು ಬ್ಲಾಕಿಗೂ ಜನಾಂಗವಾರು ಮಿತಿಯಿದೆ.

ನಿಮ್ಮನ್ನು ಹೆಸರು ನೋಡಿ ತಳ್ಳಿದರೋ, ಮನೆ ನಿಜಕ್ಕೂ ಹೋಗಿತ್ತೋ ತಿಳಿಯಬೇಕೆ? ಅಮೆರಿಕದಲ್ಲಿ ಜೋಡಿ ಪರೀಕ್ಷೆ ಮಾಡುತ್ತಾರೆ, ಅದನ್ನು ಇಲ್ಲೂ ಮಾಡಬಹುದು. ಇಬ್ಬರು ಒಂದೇ ಮನೆಗೆ ಫೋನ್ ಮಾಡಬೇಕು. ಸಂಬಳ, ಕೆಲಸ, ಮನೆಯ ಜನ, ಬೇಕಾದ ದಿನಾಂಕ ಎಲ್ಲ ಒಂದೇ, ಹೆಸರು ಮಾತ್ರ ಬೇರೆ. ಒಬ್ಬ ಬ್ಯಾಚುಲರ್, ಇನ್ನೊಬ್ಬ ಸಂಸಾರಸ್ಥ ಅಂದರೆ ಕೆಟ್ಟಿತು, ಬೇಡವೆಂದದ್ದು ಯಾವುದಕ್ಕೆ ಎಂದು ತಿಳಿಯುವುದಿಲ್ಲ. ತಿರಸ್ಕಾರವಾಗುವ ಸಾಧ್ಯತೆ ಇರುವ ಹೆಸರಿನವರು ಮೊದಲು ಕೇಳಲಿ, ಇನ್ನೊಬ್ಬರು ಆಮೇಲೆ. ಕ್ರಮ ಅದಲುಬದಲಾದರೆ "ಅಷ್ಟರಲ್ಲಿ ಮನೆ ಹೋಯ್ತು" ಎಂಬ ನೆಪಕ್ಕೆ ಜಾಗ ಸಿಗುತ್ತದೆ. ಎರಡು ಫೋನಿನ ನಡುವೆ ಗಂಟೆಗಿಂತ ಹೆಚ್ಚು ಬಿಡಬೇಡಿ, ಸಮಯವನ್ನೂ ಉತ್ತರವನ್ನೂ ಆಗಲೇ ಬರೆದಿಡಿ. ಇಂಥ ಪರೀಕ್ಷಕರೂ ಕೋರ್ಟಿಗೆ ಹೋಗಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ನಮ್ಮಲ್ಲಿ ಅಂಥ ಬಾಗಿಲಿಲ್ಲ. ಆದರೂ ಸೊಸೈಟಿ ಮೀಟಿಂಗಿನಲ್ಲಿ ಈ ಚೀಟಿ ಎದುರಿಗಿಟ್ಟರೆ ಮಾತಿನ ವರಸೆ ಬದಲಾಗುತ್ತದೆ.

ಇನ್ನು ಕಾಗದಪತ್ರ. "ಸೊಸೈಟಿ ಒಪ್ಪಲ್ಲ" ಅಂದರೆ ಯಾವ ಬೈಲಾ ಎಂದು ಬರಹದಲ್ಲಿ ಕೇಳಿ, ಬಹಳ ಸಲ ಅಂಥ ಬೈಲಾ ಇರುವುದೇ ಇಲ್ಲ. ಬಾಡಿಗೆದಾರರಿದ್ದಾರೆಂದು ಸೊಸೈಟಿ ಹಾಕುವ ನಾನ್-ಆಕ್ಯುಪೆನ್ಸಿ ಚಾರ್ಜು ಸರ್ವಿಸ್ ಚಾರ್ಜಿನ ಶೇ. 10 ಮೀರುವಂತಿಲ್ಲ, 2001ರ ಮಹಾರಾಷ್ಟ್ರ ಸರಕಾರದ ಆದೇಶವಿದೆ. ಲೀವ್ ಅಂಡ್ ಲೈಸೆನ್ಸ್ ಕರಾರನ್ನು, ಅಂದರೆ ಇಲ್ಲಿ ಬಾಡಿಗೆಗೆ ಮಾಡಿಕೊಳ್ಳುವ ಒಪ್ಪಂದವನ್ನು, ನೋಂದಾಯಿಸುವ ಹೊಣೆ ಮಹಾರಾಷ್ಟ್ರದ 1999ರ ಬಾಡಿಗೆ ಕಾಯ್ದೆಯಂತೆ ಮಾಲೀಕರದು. ನೋಂದಣಿ ಮಾಡಿಸದಿದ್ದರೆ, ಬೇರೆ ಸಾಬೀತಾಗುವ ತನಕ ಬಾಡಿಗೆದಾರ ಹೇಳಿದ ಷರತ್ತೇ ನಿಲ್ಲುತ್ತದೆ. ಮನೆ ಕೊಳ್ಳುವವರಿಗೆ ಸೊಸೈಟಿ ಸದಸ್ಯತ್ವ ಕೊಡದಿದ್ದರೆ ಸಹಕಾರ ರಿಜಿಸ್ಟ್ರಾರರ ಬಳಿ ಮೇಲ್ಮನವಿ ಹಾಕಬಹುದು. ಬಾಡಿಗೆದಾರರಿಗೆ ಆ ದಾರಿಯಿಲ್ಲ.

ನಾವು ಕನ್ನಡಿಗರು ಇದರ ಎರಡೂ ದಡದಲ್ಲಿದ್ದೇವೆ. 1960ರ ದಶಕದಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ "ಹಟಾವ್ ಲುಂಗಿ" ಎಂಬ ಕೂಗೆದ್ದಾಗ ಉಡುಪಿ ಹೋಟೆಲುಗಳ ಮೇಲೂ ಕಲ್ಲು ಬಿತ್ತು. ಗೋವಾದ ವಾಸ್ಕೋದಲ್ಲಿ ಗಾರೆ ಕೆಲಸಕ್ಕೆ ಬಂದ ವಿಜಯಪುರದವನ ಕಿವಿಗೆ ಇವತ್ತಿಗೂ "ಘಾಟಿ" (ಘಟ್ಟದ ಮೇಲಿನವನು) ಎಂಬ ಹೀಯಾಳಿಕೆಯ ಮಾತು ಬೀಳುತ್ತದೆ. ಬೆಂಗಳೂರಿಂದ ಪಣಜಿಗೆ ಬಂದ ಕಂಪನಿ ಮ್ಯಾನೇಜರ್‌ನನ್ನು ಯಾರೂ ಹಾಗೆ ಕರೆಯುವುದಿಲ್ಲ, ಘಟ್ಟ ಮಾತ್ರ ಇಬ್ಬರೂ ಇಳಿದದ್ದೇ. ಅದೇ ನಮ್ಮವರು ಡೊಂಬಿವಿಲಿಯಲ್ಲೋ ಪುಣೆಯಲ್ಲೋ ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಡುವಾಗ ಕನ್ನಡ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕುವ ಸಾಲು ನೋಡಿ: "1 ಬಿಎಚ್‌ಕೆ, ಸ್ಟೇಷನ್ ಹತ್ತಿರ, ಶುದ್ಧ ಸಸ್ಯಾಹಾರಿ ನಮ್ಮವರಿಗೆ ಮಾತ್ರ." ಆ "ನಮ್ಮವರಿಗೆ" ತೆಗೆದು ಅಲ್ಲಿ ಬಾಡಿಗೆ, ಡಿಪಾಸಿಟ್, ಎಷ್ಟನೇ ಮಹಡಿ, ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಬರೆಯಬಹುದು. ಬಾಡಿಗೆಗೆ ಬರುವವರು ಕೇಳುವುದೂ ಅಷ್ಟನ್ನೇ.